ಮುನ್ನೂರು ಸಲ ಸತ್ತ ಎಕುವಾ

ಸೆಕೊಂಡಿ
4 ಮಾರ್ಚ್ 1996

ಶ್ರೀಮತಿ ಅಬಾ ಅವರಿಗೆ,

ತಮ್ಮ ಸೋದರಮಾವನೂ ಕುಲದ ಯಜಮಾನರೂ ಹೆಸರಾಂತ ನಟರೂ ಆದ ಕ್ವಾಮಿನ ಬೆಂಟ್ಸಿಲ್ ಅವರು ಕಳೆದ ಶನಿವಾರ ಬೆಳಗ್ಗೆ ಗಂಜಿ ಕುಡಿಯುತ್ತಿದ್ದಾಗ ಬೆಂಚಿನಿಂದ ಉರುಳಿ ತೀರಿಕೊಂಡರೆಂದು ತಿಳಿಸಲು ತುಂಬ ದುಃಖವಾಗುತ್ತದೆ. ಊರೇ ಅತ್ತಿತು. ಬಂದರಿನಲ್ಲಿ ಒಂದು ದೋಣಿಯೂ ಕಡಲಿಗೆ ಇಳಿಯಲಿಲ್ಲ. ಅವರ ಕೊನೆಯ ಮಾತು ತಮ್ಮ ಹೆಸರೇ ಆಗಿತ್ತು.

ಗಾಬರಿಯಾಗಬೇಡ, ನಾನು ಸತ್ತಿಲ್ಲ. ಬೆಂಚಿನಿಂದ ಬಿದ್ದದ್ದು ನಿಜ, ಗಂಜಿ ಚೆಲ್ಲಿದ್ದೂ ನಿಜ. ಊರು ಅಳಲಿಲ್ಲ, ನಕ್ಕಿತು. ಕೊನೆಯ ಮಾತು ನಿನ್ನ ಹೆಸರಲ್ಲ, ಆ ಬೆಂಚು ಮಾಡಿದ ಬಡಗಿಯ ಹೆಸರು, ಅದರ ಹಿಂದೆ ಇನ್ನೊಂದೆರಡು ಮಾತು. ಬದುಕಿರುವವನ ಮೂರು ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಸತ್ತವನಿಗಾದರೂ ಬರೆದೀಯೆ ಎಂದು ನೋಡಿದೆ.

ನಿನ್ನ ಅಮ್ಮ, ನನ್ನ ಅಕ್ಕ, ಆಸ್ಪತ್ರೆಯ ಹೆಣದ ಮನೆಯ ತಣ್ಣನೆಯ ಕೋಣೆಯಲ್ಲಿ ಮಲಗಿ ಮೂರು ವಾರವಾಯಿತು. ಎಕುವಾಗೆ ಚಳಿ ಎಂದರೆ ಆಗುತ್ತಿರಲಿಲ್ಲ, ಅದು ನಿನಗೂ ಗೊತ್ತು. ನಮ್ಮ ಕಡೆ ಮಣ್ಣು ತಿಂಗಳುಗಟ್ಟಲೆ ಕಾಯುವುದುಂಟು, ಆದರೂ ಆ ದಿನ ಗೊತ್ತುಮಾಡಬೇಕಾದವನು ಯಜಮಾನನಾದ ನಾನು. ನಿನ್ನನ್ನು ಕೇಳದೆ ಗೊತ್ತುಮಾಡಲಾರೆ, ನೀನೋ ಬಾಯಿ ಬಿಡುತ್ತಿಲ್ಲ.

ಏಳನೇ ದಿನದ ಕೂಟಕ್ಕೆ ನೀನು ಬೆಳಗಿನ ಬಸ್ಸಿಗೆ ಬಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ಗಂಟೆ ಕೂತೆ, ಒಂದು ಲೋಟ ನೀರು ಕುಡಿದೆ, ಮಧ್ಯಾಹ್ನದ ಬಸ್ಸಿಗೆ ಹೊರಟೆ. ಅಂದಿನಿಂದ ನನ್ನ ತಂಗಿ, ಅಂದರೆ ನಿನ್ನ ಚಿಕ್ಕಮ್ಮ ಎಫುವಾ, ಒಂದೇ ಪದ್ಯ ಹಾಡುತ್ತಿದ್ದಾಳೆ. "ಟೀವೀಲಿ ಗಂಡನಿಗೆ ಅಳ್ತಾಳೆ, ಮಗನಿಗೆ ಅಳ್ತಾಳೆ, ಕಳೆದುಹೋದ ಕೋಳಿಗೂ ಅಳ್ತಾಳೆ. ಹೆತ್ತೋಳಿಗೆ ಮಾತ್ರ ಒಂದ್ ಹನಿ ಇಲ್ಲ." ಕೋಳಿಗೆ ಅತ್ತದ್ದು ತುಂಬ ಚೆನ್ನಾಗಿತ್ತು ಎಂದು ನಾನು ಹೇಳಿದೆ. ಅವಳಿಗೆ ಅದು ಹಿಡಿಸಲಿಲ್ಲ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಮಣ್ಣಿನ ದಿನ ನಾನೂರು ಜನ ಬರುತ್ತಾರೆ. ಅವರಲ್ಲಿ ಅರ್ಧ ಜನ ಎಕುವಾಳನ್ನು ಕಳಿಸಿಕೊಡಲು ಬರುತ್ತಾರೆ. ಇನ್ನರ್ಧ ನೀನು ಅಳುವುದನ್ನು ಹತ್ತಿರದಿಂದ ನೋಡಲು.

ಎರಡು ಸಾಲು ಬರೆ. ಬೈದಾದರೂ ಬರೆ.

ಇನ್ನೂ ಗಂಜಿ ಕುಡಿಯುತ್ತಿರುವ ನಿನ್ನ ಸೋದರಮಾವ, ನಿನ್ನ ವೊಫಾ,
ಕ್ವಾಮಿನ

*

ಅಕ್ರಾ
27 ಮಾರ್ಚ್ 1996

ವೊಫಾ,

ನಿಮ್ಮ ಸಾವಿನ ಸುದ್ದಿ ಬಂತು. ಮೊದಲ ಸಾಲಿಗೇ ಸುಳ್ಳೆಂದು ಗೊತ್ತಾಯಿತು. ನಮ್ಮ ಮನೆಯವರು ಯಾರೂ ನಿಮ್ಮನ್ನು ಹೆಸರಾಂತ ನಟ ಎಂದು ಬರೆಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ವಾರಕ್ಕೆ ಮೂರು ದಿನ ಚಿತ್ರೀಕರಣ. ಈಗಿನ ಧಾರಾವಾಹಿಯಲ್ಲಿ ನಾನು ಸೊಸೆಯನ್ನು ಮನೆಯಿಂದ ಓಡಿಸಿದ ಅತ್ತೆ. ಮೊನ್ನೆ ಮಾರ್ಕೆಟ್ಟಿನಲ್ಲಿ ಟೊಮೇಟೊ ಮಾರುವವಳು ನನಗೆ ಕೊಡಲು ಒಪ್ಪಲಿಲ್ಲ. "ಮೊದ್ಲು ಆ ಹುಡುಗೀನ ವಾಪಸ್ ಕರ್ಕೊಂಡ್ ಬಾ ತಾಯಿ, ಆಮೇಲೆ ಟೊಮೇಟೊ" ಎಂದಳು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಹಿಂದೆಲ್ಲ ಇಂಥದ್ದು ನಡೆದರೆ ಮನೆಗೆ ಬಂದು ನಿಮಗೂ ಅಮ್ಮನಿಗೂ ಉದ್ದದ ಕಾಗದ ಬರೆಯುತ್ತಿದ್ದೆ. ಈ ಸಲ ಪಕ್ಕದ ಅಂಗಡಿಯಲ್ಲಿ ಟೊಮೇಟೊ ಕೊಂಡು ಬಂದೆ.

ಗುರುವಾರ ಒಂದು ಅಳುವ ದೃಶ್ಯವಿತ್ತು. ನಿರ್ದೇಶಕ ಲಾಂಪ್ಟಿ ಕೈ ಎತ್ತಿ ಕಾದ. ಏನೂ ಬರಲಿಲ್ಲ. ನಾಲ್ಕು ಸಲ ಮಾಡಿದೆವು. ಕೊನೆಗೆ ಅವನು ಕ್ಯಾಮೆರಾವನ್ನು ನನ್ನ ಬೆನ್ನ ಹಿಂದೆ ಇಟ್ಟು, ಭುಜ ಕುಲುಕಿಸಿದರೆ ಸಾಕು ಎಂದ. ಕುಲುಕಿಸಿದೆ. ಮೂವತ್ತೆರಡು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು.

ಯಾಕೆಂದು ನಿಮಗೊಬ್ಬರಿಗೇ ಹೇಳಬಹುದು, ಕಲಿಸಿದವರು ನೀವೇ. "ನಿನ್ನಮ್ಮ ಸತ್ತು ಮಲಗಿದಾಳೆ ಅಂದ್ಕೋ. ಕಾಲ್ಬೆರಳಿಂದ ಶುರು ಮಾಡು. ನಿಧಾನ ಮುಖಕ್ಕೆ ಬಾ. ಮುಖ ಮುಟ್ಟೋ ಹೊತ್ತಿಗೆ ಕಣ್ಣು ತುಂಬಿರುತ್ತೆ." ನಾನು ಅದನ್ನು ಬಿಟ್ಟು ಬೇರೆ ದಾರಿ ಕಲಿಯಲೇ ಇಲ್ಲ. ರಾಜಮಾತೆಯಾಗಿ ಅತ್ತಾಗ, ಕುಡುಕಿಯಾಗಿ ಅತ್ತಾಗ, ಪಾದ್ರಿಯ ಹೆಂಡತಿಯಾಗಿ, ಮಾಟಗಾತಿಯಾಗಿ, ಇಂಗ್ಲಿಷ್ ನಾಟಕದ ರಾಣಿಯಾಗಿ ಅತ್ತಾಗಲೂ ಕಾಲ್ಬೆರಳಿನಿಂದಲೇ ಶುರು. ಒಂದೊಂದೇ ನೆನಪು ಮಾಡಿಕೊಂಡು ನೋಡಿದೆ. ಕಡಿಮೆ ಎಂದರೂ ಮುನ್ನೂರು ಸಲ ಅಮ್ಮನನ್ನು ಸಾಯಿಸಿದ್ದೇನೆ.

ಫೆಬ್ರವರಿಯಲ್ಲಿ ಆಸ್ಪತ್ರೆಯವರು ಬಟ್ಟೆ ಸರಿಸಿದಾಗ ಅಭ್ಯಾಸದಂತೆ ಕಾಲ್ಬೆರಳಿನಿಂದ ಶುರು ಮಾಡಿದೆ. ಮುಖಕ್ಕೆ ಬಂದೆ. ಇದನ್ನು ಆಗಲೇ ನೋಡಿದ್ದೇನೆ ಎನ್ನಿಸಿತು. ಅಷ್ಟೇ.

ಚಿಕ್ಕಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ದಿನವನ್ನು ಆದಷ್ಟು ಮುಂದಕ್ಕೆ ಹಾಕಿ.

ಅಬಾ

*

ಸೆಕೊಂಡಿ
15 ಮೇ 1996

ಅಬಾ,

ಮುಂದಕ್ಕೆ ಹಾಕಿದ್ದೇನೆ. ಹೇಗೆ ಹಾಕಿದೆ ಎಂದು ಕೇಳಿದರೆ ನನ್ನನ್ನು ಯಜಮಾನನನ್ನಾಗಿ ಮಾಡಿದ್ದು ಸಾರ್ಥಕವಾಯಿತು ಎನ್ನುತ್ತೀಯೆ. ಕುಲದ ಹಿರಿಯರೆಲ್ಲ ಅಂಗಳದಲ್ಲಿ ಸೇರಿದ್ದರು. ಮೇ ತಿಂಗಳೆಂದು ಎಲ್ಲರೂ ಒಪ್ಪಿಯಾಗಿತ್ತು. ನಾನು ಸುಮ್ಮನೆ ಎದ್ದುಹೋಗಿ ಗೋಡೆಯ ಬಿರುಕಿನಲ್ಲಿ ಬೆರಳು ಇಟ್ಟೆ. ಎಕುವಾಳನ್ನು ಇಂಥ ಮನೆಯಿಂದ ಕಳಿಸುತ್ತೀರಾ, ನೆಂಟರು ಏನೆಂದಾರು ಎಂದೆ. ಇದಕ್ಕೆ ಎದುರು ಮಾತಾಡುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಗೋಡೆ ಗಿಲಾವಿಗೆ ಒಂದು ತಿಂಗಳು ಸಿಕ್ಕಿತು.

ಆಮೇಲೆ ಬಣ್ಣ. ನಾನು ಬೇಕೆಂದೇ ಗುಲಾಬಿ ತಂದೆ. ಅರ್ಧ ಮನೆ ಗುಲಾಬಿಯಾದ ಮೇಲೆ ಎಫುವಾ ನೋಡಿ ಬಾಗಿಲ ಬಳಿಯೇ ಕೂತುಬಿಟ್ಟಳು. "ಇದೇನ್ ಸಾವಿನ ಮನೇನೋ ಸಲೂನೋ?" ಈಗ ಎಲ್ಲ ಕೆರೆದು ಬಿಳಿ ಹಚ್ಚಬೇಕು. ಅದಕ್ಕೊಂದು ತಿಂಗಳು. ಮುಖಕ್ಕೆ ಬಣ್ಣ ಹಚ್ಚಿ ಬದುಕಿದವನು ಗೋಡೆಗೆ ಹಚ್ಚಿ ದಿನ ತಳ್ಳುತ್ತಿದ್ದೇನೆ.

ಕಾಲ್ಬೆರಳಿನ ಪಾಠ ನಾನು ಮರೆತೇಬಿಟ್ಟಿದ್ದೆ. ನಿನ್ನ ಕಾಗದ ಓದಿದ ಮೇಲೆ ಎಲ್ಲ ನೆನಪಾಯಿತು. ಅರವತ್ತನಾಲ್ಕನೇ ಇಸವಿ, ಟಾರ್ಕ್ವಾ ಎಂಬ ಗಣಿ ಊರು. ಊರೂರು ಸುತ್ತುವ ನಮ್ಮ ನಾಟಕದ ತಂಡದಲ್ಲಿ ಏಳು ಗಂಡಸರು, ಒಂದು ಲಾರಿ, ಎರಡು ಗಿಟಾರು. ಹೆಂಗಸರ ಪಾತ್ರವೆಲ್ಲ ನನ್ನದು. ಹತ್ತೊಂಬತ್ತು ವರ್ಷ ಮೇಡಮ್ ಪೌಡರ್ ಆಗಿ ಕುಣಿದಿದ್ದೆ. ಗಣಿ ಕೆಲಸದವನೊಬ್ಬ ನನ್ನನ್ನು ಮದುವೆಯಾಗುತ್ತೇನೆಂದು ಕೋಳಿ ಕಳಿಸಿದ್ದ. ಕೋಳಿ ತಿಂದು, ನಾನು ಗಂಡಸು ಎಂದು ಹೇಳಿಕಳಿಸಿದೆ. ಪರವಾಗಿಲ್ಲ, ಅಡುಗೆ ಬರುತ್ತದೆಯೇ ಎಂದು ಕೇಳಿದನಂತೆ.

ಅಲ್ಲಿಗೆ ಎಕುವಾ ನಿನ್ನ ಕೈ ಹಿಡಿದು ಕರೆತಂದಳು. ಹದಿನೇಳು ವರ್ಷ, ಕಡ್ಡಿಯ ಹಾಗಿದ್ದೆ. ಹೆಣ್ಣನ್ನು ರಂಗಕ್ಕೆ ಕಳಿಸಿದ್ದಕ್ಕೆ ಊರು ಅವಳನ್ನು ಏನೇನು ಆಡಿಕೊಂಡಿತು ಎಂಬುದನ್ನು ನಿನಗೆ ಅವಳು ಹೇಳಿಲ್ಲ, ನಾನೂ ಹೇಳುವುದಿಲ್ಲ. ಹುಡುಗಿಗೆ ಅಳಲು ಬರುವುದಿಲ್ಲ ಎಂದು ತಂಡದ ಯಜಮಾನ ಗೊಣಗಿದ. ನಾನು ನಿನ್ನನ್ನು ಲಾರಿಯ ಹಿಂದಕ್ಕೆ ಕರೆದೊಯ್ದು ಆ ಪಾಠ ಹೇಳಿದೆ. ಮಧ್ಯಾಹ್ನದ ತಾಲೀಮಿನಲ್ಲಿ ನೀನು ಅತ್ತೆ. ಮೆಕ್ಕೆಜೋಳದ ಕಡುಬು ಕೆಂಕಿ ಕಟ್ಟುತ್ತಿದ್ದ ಅಡುಗೆಯವಳು ಬಾಳೆಎಲೆ ಕೆಳಗಿಟ್ಟು ಅತ್ತಳು. ಯಜಮಾನ ಸೊರ್ ಸೊರ್ ಎಂದು ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದ. ಆ ನೋಟದಲ್ಲೇ ನನಗೆ ನನ್ನ ಲೆಕ್ಕ ಮುಗಿಯಿತು ಎಂದು ತಿಳಿಯಿತು. ಪಾತ್ರ ಹೋಯಿತು, ಪಾತ್ರೆ ಸಿಕ್ಕಿತು. ಎರಡು ವರ್ಷ ಅದೇ ತಂಡಕ್ಕೆ ಅಡುಗೆ ಮಾಡಿದೆ.

ನಿನಗೆ ಎರಡು ಉಪಾಯವಿದೆ. ಒಂದು, ಸೆರಗಿನ ತುದಿಗೆ ಈರುಳ್ಳಿ. ಎರಡು, ನಾನು ನಿನ್ನ ಉಡುಪು ಹಾಕಿಕೊಂಡು ನಿನ್ನ ಕುರ್ಚಿಯಲ್ಲಿ ಕೂರುವುದು. ಎಪ್ಪತ್ತನಾಲ್ಕಾದರೂ ಸೊಂಟ ಇನ್ನೂ ಇದೆ. ಯಾವುದು ಬೇಕು ಬರೆ.

ವೊಫಾ ಕ್ವಾಮಿನ

*

ಅಕ್ರಾ
9 ಜೂನ್ 1996

ವೊಫಾ,

ಎರಡೂ ಬೇಡ. ಕೆಲಸಕ್ಕೇ ಹಚ್ಚದ ಈರುಳ್ಳಿಯನ್ನು ಅಮ್ಮನಿಗೆ ಹಚ್ಚುವುದಿಲ್ಲ.

ಧಾರಾವಾಹಿಯ ಅತ್ತೆ ಪೆಟ್ಟಿಗೆ ಹಿಡಿದು ಅಬಿಜಾನ್‌ಗೆ ಹೋದಳು, ಇನ್ನು ಬರುವುದಿಲ್ಲ. ಮೇ ತಿಂಗಳಿನಲ್ಲಿ ಮೂರು ಅಳುವ ದೃಶ್ಯಗಳಿದ್ದವು, ಮೂರರಲ್ಲೂ ಬೆನ್ನು ತೋರಿಸಿದೆ. ಎಷ್ಟು ದಿನ ಬೆನ್ನು ತೋರಿಸುತ್ತೀಯಾ ಅಕ್ಕ ಎಂದು ಲಾಂಪ್ಟಿ ಮೆಲ್ಲಗೆ ಕೇಳಿದ. ಅವನದು ತಪ್ಪಲ್ಲ. ಸೊಸೆ ಮನೆಗೆ ಮರಳಿದ್ದಾಳೆ. ಟೊಮೇಟೊ ಮಾರುವವಳು ಈಗ ಕೊಡುತ್ತಾಳೆ.

ಹಳೆಯ ನಾಟಕ ತಂಡದವರು ಕರೆದಿದ್ದಾರೆ. ಆಗಸ್ಟಿಗೆ ಮೊದಲೇ ರಂಗಕ್ಕೆ ಬರುವ ನಾಟಕ. ಅದರಲ್ಲಿ ಒಬ್ಬ ಮುದಿ ಬೆಸ್ತ ಇದ್ದಾನೆ, ಬರೀ ಬೈಯುತ್ತಾನೆ, ಯಾವುದಕ್ಕೂ ಅಳುವುದಿಲ್ಲ. ಆ ಪಾತ್ರ ನನಗೆ ಕೊಡಿ ಎಂದೆ. ಮೊದಲು ನಕ್ಕರು, ಆಮೇಲೆ ಕೊಟ್ಟರು. ನಿಮ್ಮ ನಡಿಗೆ ತೆಗೆದುಕೊಂಡಿದ್ದೇನೆ.

ಮಣ್ಣಿಗೆ ಟೆಲಿವಿಷನ್‌ನವರು ಒಂದು ವ್ಯಾನು, ಒಂದು ಕ್ಯಾಮೆರಾ ಕಳಿಸುತ್ತಾರಂತೆ. ಮರ್ಯಾದೆಗಾಗಿ ಎಂದರು. ನೋಡುವವರಿಗೂ ಸಮಾಧಾನವಾಗುತ್ತದೆ ಎಂದರು.

ನಾನು ಬರುವುದಿಲ್ಲ. ಮಣ್ಣಿನ ದಿನ ಉಡುವ ಕಪ್ಪು ಬಟ್ಟೆ, ಕೆಂಪು ಬಟ್ಟೆ, ಜನರ ಊಟಕ್ಕೆ ಬೇಕಾದದ್ದು ಎಲ್ಲ ಕಳಿಸುತ್ತೇನೆ. ಬಂದು ಅಳದವಳನ್ನು ನೋಡುವುದಕ್ಕಿಂತ, ಬಾರದವಳು ಎಂದು ಬೈಯಲಿ. ಅದು ಅವರಿಗೆ ಸುಲಭ, ನನಗೂ ಸುಲಭ.

ಅಬಾ

*

ಸೆಕೊಂಡಿ
20 ಜೂನ್ 1996

ಅಬಾ,

ಜುಲೈ 13, ಶನಿವಾರ. ಇನ್ನು ತಳ್ಳಲಾರೆ. ಸುಳ್ಳು ಮುಗಿದಿದೆ, ಬಣ್ಣವೂ ಮುಗಿದಿದೆ.

ಟೆಲಿವಿಷನ್‌ನವರಿಗೆ ಜುಲೈ 27 ಎಂದು ಬರೆದಿದ್ದೇನೆ, ಮೊಹರು ಒತ್ತಿ. ಬರಲಿ ಪಾಪ, ಕೆಂಕಿ ಮೀನು ತಿಂದು ಹೋಗಲಿ.

ಅಳಲು ಬಾ ಎಂದು ಇನ್ನು ಕರೆಯುವುದಿಲ್ಲ. ಕೆಲಸಕ್ಕೆ ಬಾ. ಎಕುವಾ ಭಾರದ ಹೆಂಗಸು, ನಾಲ್ಕು ತಿಂಗಳು ತಣ್ಣಗೆ ಮಲಗಿ ಇನ್ನೂ ಭಾರವಾಗಿದ್ದಾಳೆ. ಮೀಯಿಸುವ ಹೆಂಗಸರಲ್ಲಿ ಎಫುವಾಗೆ ಮಂಡಿನೋವು, ಉಳಿದಿಬ್ಬರಿಗೆ ಎಪ್ಪತ್ತು ದಾಟಿದೆ. ಬೆನ್ನು ಎತ್ತಿ ಹಿಡಿಯಲು ಒಂದು ಜೊತೆ ಕೈ ಕಡಿಮೆ ಬೀಳುತ್ತಿದೆ. ಕಣ್ಣೀರು ಅಲ್ಲಿ ಬೇಕಾದಷ್ಟಿದೆ.

ವೊಫಾ

*

ಅಕ್ರಾ
30 ಜುಲೈ 1996

ವೊಫಾ,

ಮಣ್ಣು ಮುಗಿಸಿ ಸುಖವಾಗಿ ಬಂದು ಸೇರಿದೆ. ಬಸ್ಸು ಒಮ್ಮೆ ಮಾತ್ರ ಕೆಟ್ಟಿತು.

ಕುಲದವರು ನಿಮಗೆ ಒಂದು ಕುರಿ, ಎರಡು ಬಾಟಲಿ ಜಿನ್ ದಂಡ ಹಾಕಿದ್ದಾರೆಂದು ಚಿಕ್ಕಮ್ಮ ಬರೆದಿದ್ದಾರೆ. ಕುಲದ ಯಜಮಾನನಿಗೇ ದಂಡ ಹಾಕಿದ್ದು ಅವರ ನೆನಪಿನಲ್ಲಿ ಇಲ್ಲವಂತೆ. ಕುರಿ ನಾನು ಕೊಡುತ್ತೇನೆ.

ನಿಮಗೆ ವಂದನೆ ಹೇಳದೆ ಬಂದೆ. ಈಗ ಹೇಳುತ್ತೇನೆ. ಅಮ್ಮನನ್ನು ಮಲಗಿಸಿದ್ದ ಹಿತ್ತಾಳೆ ಮಂಚದ ಬಳಿ ನಾನು ನಿಂತಾಗ ಅಷ್ಟು ಜನ ಒಟ್ಟಿಗೆ ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ಚೆನ್ನಾಗಿ ಗೊತ್ತು, ಪರದೆ ಏಳುವ ಮುಂಚೆ ಇರುವುದು ಅದೇ. ಎಲ್ಲರೂ ನನ್ನ ಕಣ್ಣನ್ನೇ ನೋಡುತ್ತಿದ್ದರು. ಆಗ ಬಾಗಿಲ ಕಡೆಯಿಂದ ಮೇಡಮ್ ಪೌಡರ್ ದನಿ ಬಂತು. ಎಪ್ಪತ್ತನಾಲ್ಕು ವರ್ಷದ ಗಂಡಸು ಹೆಣ್ಣು ದನಿಯಲ್ಲಿ ಎದೆ ಬಡಿದುಕೊಂಡು, ಮೈಮೇಲಿನ ಬಟ್ಟೆ ಕಿತ್ತು ತಲೆಗೆ ಸುತ್ತಿಕೊಂಡು, ಪಾದ್ರಿಯ ಕಾಲಿಗೆ ತಗುಲಿ ಬಿದ್ದು ಹೊರಳಿದರೆ ಬೇರೆ ಯಾರನ್ನು ಯಾರು ನೋಡುತ್ತಾರೆ? ಬೈದರು, ನಕ್ಕರು, ಆರು ಜನ ಸೇರಿ ನಿಮ್ಮನ್ನು ಹೊತ್ತುಕೊಂಡು ಹೋದರು. ಅಷ್ಟರಲ್ಲಿ ನಾನು ಮಂಚ ಸುತ್ತಿ ಹಿಂದಿನ ಬಾಗಿಲಿಂದ ಹೊರಗೆ ಹೋಗಿದ್ದೆ. ನಾನು ಅತ್ತೆನೋ ಇಲ್ಲವೋ ಎಂದು ಈವರೆಗೆ ಯಾರೂ ಕೇಳಿಲ್ಲ.

ಅಳಲಿಲ್ಲ.

ಬೆಳಗ್ಗೆ ಮೀಯಿಸುವಾಗಲೂ ಅಳಲಿಲ್ಲ. ಅಮ್ಮನ ಹಿಮ್ಮಡಿ ನನ್ನ ಅಂಗೈಯಲ್ಲಿತ್ತು. ಎಷ್ಟು ಒಡೆದಿತ್ತು ಎಂದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತಿತ್ತು. ನಾನು ಮೂವತ್ತೆರಡು ವರ್ಷ ನೋಡುತ್ತಿದ್ದ ಕಾಲು ಅದಲ್ಲ. ನನ್ನದು ಟಾರ್ಕ್ವಾಕ್ಕೆ ನನ್ನ ಕೈ ಹಿಡಿದು ನಡೆದುಬಂದವಳ ಕಾಲು, ಅದಕ್ಕೆ ವಯಸ್ಸೇ ಆಗಿರಲಿಲ್ಲ. ನಾನು ಎಣ್ಣೆ ಹಚ್ಚಿದೆ. ಕೆಲಸ ಮುಗಿಯಿತು.

ನಾಟಕ ಶುರುವಾಗಿದೆ. ಮೊದಲ ಪ್ರದರ್ಶನವಾದ ಮೇಲೆ ಒಬ್ಬ ನಿಜವಾದ ಬೆಸ್ತ ರಂಗದ ಹಿಂದೆ ಬಂದು, ನಿಮ್ಮದು ಯಾವ ಬಂದರು ಯಜಮಾನರೇ ಎಂದು ಕೇಳಿದ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ.

ಒಂದು ಮಾತು ಕೇಳಬೇಕು. ಈ ಒಂದು ಸಲ ತಮಾಷೆ ಬಿಟ್ಟು ಬರೆಯಿರಿ. ಅಮ್ಮನಿಗೆ ಗೊತ್ತಿತ್ತಾ? ಪ್ರತಿ ಭಾನುವಾರ ಪಕ್ಕದ ಮನೆಗೆ ಹೋಗಿ ಟೀವಿಯಲ್ಲಿ ನನ್ನನ್ನು ನೋಡುತ್ತಿದ್ದಳಲ್ಲ, ನಾನು ಅಳುವಾಗ ಯಾರ ಹೆಣ ನೋಡುತ್ತಿದ್ದೇನೆಂದು ಅವಳಿಗೆ ತಿಳಿದಿತ್ತಾ? ನಾನು ಕೇಳಲಿಲ್ಲ. ಎಷ್ಟೋ ಸಲ ಬಾಯಿಗೆ ಬಂತು. ತಿಳಿದೂ ಅಲ್ಲಿ ಕೂತಿದ್ದಳು ಎಂದಾದರೆ ನನಗೆ ಇನ್ನು ಅಳುವುದಲ್ಲ, ಕ್ಯಾಮೆರಾದ ಮುಂದೆ ನಿಲ್ಲುವುದೂ ಆಗುವುದಿಲ್ಲ. ಸೆಪ್ಟೆಂಬರಿಗೆ ಹೊಸ ಧಾರಾವಾಹಿ ಇದೆ, ತಾಯಿಯ ಪಾತ್ರ. ಹೂಂ ಅನ್ನಲೋ ಬೇಡವೋ ಗೊತ್ತಿಲ್ಲ.

ಅಬಾ

*

ಸೆಕೊಂಡಿ
18 ಆಗಸ್ಟ್ 1996

ಅಬಾ,

ಈ ಕಾಗದಕ್ಕೆ ಮೂರು ಹಾಳೆ ಹರಿದೆ. ಒಂದರಲ್ಲಿ ಗೊತ್ತಿರಲಿಲ್ಲ ಎಂದು ಬರೆದಿದ್ದೆ. ತುಂಬ ಚೆನ್ನಾಗಿ ಬಂದಿತ್ತು, ನೀನು ನಂಬುತ್ತಿದ್ದೆ.

ಮಂಚದ ಬಳಿ ಮಾಡಿದ್ದಕ್ಕೆ ವಂದನೆ ಬೇಡ. ಅದು ನನ್ನ ಕಸುಬು. ನಿಜವಾಗಿ ಅತ್ತೆನೋ ಆಡಿದೆನೋ ಎಂದು ಮಾತ್ರ ಕೇಳಬೇಡ, ಬಿದ್ದ ಮೇಲೆ ನನಗೂ ತಿಳಿಯಲಿಲ್ಲ. ಕುರಿಯನ್ನು ಕಳಿಸು.

ಎಕುವಾಗೆ ಗೊತ್ತಿತ್ತು. ಎಪ್ಪತ್ತೊಂದನೇ ಇಸವಿಯಿಂದ ಗೊತ್ತಿತ್ತು. ಆ ಪಾಠ ಮರೆತಿದ್ದೆ ಎಂದು ನಿನಗೆ ಬರೆದದ್ದು ಸುಳ್ಳು. ನಿನಗೆ ಟೆಲಿವಿಷನ್ನಿನಲ್ಲಿ ಮೊದಲ ಪಾತ್ರ ಸಿಕ್ಕ ವಾರ ಅದು. ಊರೆಲ್ಲ ಅವಳ ಮನೆಗೆ ಬಂದು ಕೈ ಕುಲುಕಿ ಹೋಗುತ್ತಿತ್ತು. ನಾನು ಮಧ್ಯಾಹ್ನ ಹೋದೆ. ಹಿತ್ತಲಿನ ಒಲೆಯ ಮೇಲೆ ಮೀನಿಗೆ ಹೊಗೆ ಹಾಕುತ್ತಿದ್ದಳು. ನಿನ್ನ ಮಗಳು ಹೇಗೆ ಅಳುತ್ತಾಳೆ ಗೊತ್ತೇ ಎಂದು ಶುರು ಮಾಡಿ, ಕಾಲ್ಬೆರಳಿಂದ ಮುಖದವರೆಗೆ ಎಲ್ಲ ಹೇಳಿದೆ. ಕಲಿಸಿದವನು ನಾನು ಎಂಬುದನ್ನು ಬಿಟ್ಟು.

ಅವಳು ಮೀನು ಮಗುಚುವುದನ್ನು ನಿಲ್ಲಿಸಲಿಲ್ಲ. ಎರಡು ಸಾಲು ಮಗುಚಿದಳು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು.

"ಯಾವ ಬಟ್ಟೆ ಉಡ್ಸಿರ್ತಾಳೆ ನಂಗೆ?"

ನನಗೇನು ಗೊತ್ತು? ಬಾಯಿಗೆ ಬಂದಂತೆ ನೀಲಿ ಎಂದೆ.

"ನೀಲಿ ಬೇಡ ಅಂತ ಹೇಳು. ನೀಲೀಲಿ ನಾನು ಹೆಣದ ಥರ ಕಾಣ್ತೀನಿ."

ಅಷ್ಟೇ ಮಾತು. ನನಗೆ ಎರಡು ಮೀನು ಕಾಗದದಲ್ಲಿ ಸುತ್ತಿ ಕೊಟ್ಟಳು. ಆಮೇಲೆ ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಪಕ್ಕದ ಮನೆಯವರು ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಮುಂದಿನ ಕುರ್ಚಿ ಹಿಡಿಯುತ್ತಿದ್ದಳು. ನೀನು ಅಳುವ ಹೊತ್ತಿಗೆ ಮಕ್ಕಳು ಗಲಾಟೆ ಮಾಡಿದರೆ, "ಸುಮ್ನಿರ್ರೋ, ಇದು ನನ್ ಪಾರ್ಟು" ಎನ್ನುತ್ತಿದ್ದಳು. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಲ್ಲೇ ಗೋಡೆಗೆ ಒರಗಿ ನಿಂತಿದ್ದ ನನಗೆ ಆಗುತ್ತಿತ್ತು.

ನೀಲಿ ಬೇಡ ಎಂಬುದನ್ನು ನಿನಗೆ ತಲುಪಿಸಲೇ ಇಲ್ಲ. ತಲುಪಿಸಬೇಕಾದರೆ ಉಳಿದದ್ದನ್ನೂ ಹೇಳಬೇಕಿತ್ತು.

ಅದನ್ನು ಹೇಳಿಬಿಡುತ್ತೇನೆ. ಆವತ್ತು ನಾನು ತಮಾಷೆಗೆ ಹೋಗಿರಲಿಲ್ಲ, ಬಾಯಿ ತಪ್ಪಿಯೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನನ್ನ ಜಾಗದಲ್ಲಿ ನೀನಿದ್ದೆ, ನಾನು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದೆ. ಅವಳು ನಿನ್ನನ್ನು ಶಪಿಸಲಿ, ಬಣ್ಣ ಬಿಡಿಸಿ ಮನೆಗೆ ಎಳೆದು ತರಲಿ ಎಂದು ಹೋದೆ. ನಿನ್ನ ಅಮ್ಮನ ಮನಸ್ಸಿನಲ್ಲಿ ನಿನ್ನನ್ನು ಕೆಡಿಸಲು ಹೋದೆ, ಅಬಾ. ಅದನ್ನು ನಾನು ಮಾಡಿದ್ದೇನೆ.

ಕ್ವಾಮಿನ